ವಿಸ್ಕಿಯ ನ್ಯಾಯಕ್ಕೆ ನಾನು ಪಂಚನಾದದ್ದು

ನನ್ನ ನಾಲಿಗೆಯ ಮೇಲೆ ನನಗಿದ್ದ ಭರವಸೆಯಲ್ಲಿ ಕಾಲುಭಾಗವಾದರೂ ನನ್ನ ತಲೆಯ ಮೇಲೆ ಇದ್ದಿದ್ದರೆ ನಾನು ಹಿರಿಯ ಗುಮಾಸ್ತ ಪೇಶ್ಕಾರನ ಕುರ್ಚಿಯಲ್ಲಿ ಕೂತು ಮುದುಕನಾಗುತ್ತಿದ್ದೆ. ಹಾಗಾಗಲಿಲ್ಲ. ಕುಷ್ಟಗಿಯ ತಹಸೀಲ್ ಕಚೇರಿಯಲ್ಲಿ ಅಹಲ್ಕಾರನಾಗಿ, ಅಂದರೆ ಉರ್ದುವಿನಲ್ಲಿ ಬಂದ ಕಾಗದವನ್ನು ಉರ್ದುವಿನಲ್ಲೇ ನಕಲು ಮಾಡಿ ಕನ್ನಡದಲ್ಲಿ ಬೈಸಿಕೊಳ್ಳುವ ಗುಮಾಸ್ತನಾಗಿ, ನೆಲದ ಮೇಲೆ ಕೂತೇ ಮುದುಕನಾದೆ.

ಆದರೆ ನಾಲಿಗೆ! ಆ ವಿಷಯದಲ್ಲಿ ದೇವರು ನನಗೆ ಕೈ ಬಿಚ್ಚಿ ಕೊಟ್ಟಿದ್ದ. ಯಾವ ಬಾವಿಯ ನೀರನ್ನಾದರೂ ಕೊಡಿ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು ಹೇಳುತ್ತಿದ್ದೆ: ಇದು ಮಠದ ಬಾವಿಯದು, ಇದು ಗೌಡರ ತೋಟದ್ದು, ಇದು ಕೆರೆಯದು, ಅದೂ ಎಮ್ಮೆ ಇಳಿದ ಮೇಲೆ ತುಂಬಿದ್ದು. ಇದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ಆದರೂ ಊರಿನಲ್ಲಿ ಒಂದು ಬಗೆಯ ಗೌರವವಿತ್ತು. ಉಪಯೋಗವಿಲ್ಲದ ವಿದ್ಯೆಗೇ ನಮ್ಮ ಕಡೆ ಗೌರವ ಹೆಚ್ಚು.

ಉಪಯೋಗವಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಿದ್ದವಳು ನನ್ನ ಹೆಂಡತಿ ಗೌರವ್ವ ಒಬ್ಬಳೇ. ಆಕೆ ಆನೆಗೊಂದಿಯವಳು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ಮದುವೆಯಾಗಿ ಕುಷ್ಟಗಿಗೆ ಬಂದ ದಿನ ಒಲೆಯ ಮೇಲಿಟ್ಟ ತೊಗರಿಬೇಳೆ ಬೇಯಲಿಲ್ಲ. ನಮ್ಮ ಮನೆಯ ಬಾವಿಯದು ಅಪ್ಪಟ ಸವಳು ನೀರು. ಅಂದಿನಿಂದ ಆಕೆ ಈ ಊರಿನ ಜೊತೆ ಮಾತು ಬಿಟ್ಟಳು. ಊರಿನ ಪರವಾಗಿ ಬೈಸಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂತು.

"ನಮ್ಮ ಹೊಳಿ ನೀರಾಗ ಬ್ಯಾಳಿ ಹಾಕಿ ಅತ್ಲಾಗ ಮುಖಾ ತಿರುವಿದ್ರ ಸಾಕು, ಬೆಣ್ಣಿಯಂಗ ಆಕ್ಕಿತ್ತು. ಇಲ್ಲಿ ಮುಂಜಾನಿ ಇಟ್ಟದ್ದು ಸಂಜಿತನಕ ಗುಂಡಿನಂಗ ಕುಣೀತೈತಿ," ಎಂದು ಆಕೆ ದಿನಾ ಶುರು ಮಾಡುತ್ತಿದ್ದಳು. "ಯಾವ ನೀರು ಯಾವ ಬಾವೀದು ಅಂತ ಹೇಳೂ ನಿಮ್ಮ ನಾಲಿಗಿಗೆ, ಸಾಹೇಬ್ರ ಮುಂದ ನಿಂತು ಗಂಗಾವತಿಗೆ ಬದ್ಲಿ ಮಾಡ್ರಿ ಅಂತ ಕೇಳಾಕ ಬರೂದಿಲ್ಲೇನು?"

ಗಂಗಾವತಿ ಅಂದರೆ ಹೊಳೆಯ ನೀರು, ಆಕೆಯ ತವರಿಗೆ ಎತ್ತಿನ ಗಾಡಿಯಲ್ಲಿ ಒಂದು ನಿದ್ದೆಯ ದಾರಿ. ಯಲಬುರ್ಗಿ, ಕೊಪ್ಪಳ ಎರಡೂ ಜಹಗೀರಿನ ಪಾಲು, ಅಲ್ಲಿಗೆ ನಮ್ಮಂಥ ಸರಕಾರಿ ಗುಮಾಸ್ತರು ಹೋಗುವಂತಿಲ್ಲ. ಆದ್ದರಿಂದ ನಮ್ಮ ಸಂಸಾರದ ಮೋಕ್ಷ ಗಂಗಾವತಿ ಒಂದರಲ್ಲೇ ಇತ್ತು, ಅದರ ಬೀಗದ ಕೈ ತಹಸೀಲ್ದಾರ್ ರಾಯ್ ಸಾಹೇಬರ ಕಿಸೆಯಲ್ಲಿತ್ತು.

ರಾಯ್ ಸಾಹೇಬರು ಹೈದರಾಬಾದಿನ ಹಳೆಯ ಮನೆತನದವರು. ಎತ್ತರದ ಆಳು, ಮೆಲ್ಲಗಿನ ಮಾತು. ಕುಷ್ಟಗಿಗೆ ಬಂದು ನಮ್ಮ ಕನ್ನಡ ಕಲಿತಿದ್ದರು. ಅವರಿಗೆ ಇದ್ದದ್ದು ಒಂದೇ ಒಂದು ಷೋಕಿ: ವಿಲಾಯತಿ ವಿಸ್ಕಿ. ಸಂಜೆ ಬಂಗಲೆಯ ಪಡಸಾಲೆಯಲ್ಲಿ ಅವರ ದರಬಾರು. ದರಬಾರಿಗೆ ಬರುತ್ತಿದ್ದವರು ಇಬ್ಬರು. ಒಬ್ಬರು ವಕೀಲ ವಿರುಪಾಕ್ಷಪ್ಪನವರು. ಇನ್ನೊಬ್ಬರು ಇರಕಲ್ಲಗಡದ ನಾಗಪ್ಪನವರು, ಸುತ್ತಲಿನ ಈಚಲ ಮರಗಳ ಸೇಂದಿಯ ಗುತ್ತೇದಾರರು. ನಾನು ಮೂರನೆಯವನಲ್ಲ. ಸಹಿಗಾಗಿ ಮಿಸಲು ಕಡತಗಳ ಗಂಟು ಹಿಡಿದು ಕಂಬಕ್ಕೆ ಒರಗಿ ನಿಂತಿರುವ ಸಾಮಾನು.

ಮೂವರಿಗೂ ಒಂದೊಂದು ಬಾಟಲಿಯ ಮೇಲೆ ನಿಷ್ಠೆ. ಸಾಹೇಬರದು ಕೊಕ್ಕರೆಯ ಚಿತ್ರದ್ದು, ವಕೀಲರದು ಟಗರಿನ ಚಿತ್ರದ್ದು, ಗುತ್ತೇದಾರರದು ಯಾವುದೋ ಗೋಪುರದ ಚಿತ್ರದ್ದು. ಕುಡಿಯುವ ರೀತಿಯೂ ಮೂರು ಮತ. ಸಾಹೇಬರು ಬಟ್ಟಲನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿ, ಒಂದು ಚಮಚ ನೀರು ಹಾಕಿ, ಮತ್ತೆ ಮೂಗಿನ ಕೆಳಗೆ ಹಿಡಿದು, ನಾವು ಮನೆಗೆ ಹೋಗಿ ಊಟ ಮುಗಿಸಿ ಬರುವಷ್ಟು ಹೊತ್ತಿಗೆ ಒಂದು ಗುಟುಕು ತೆಗೆದುಕೊಳ್ಳುವರು.

"ಮೊದಲ ಮೂಗು, ಆಮ್ಯಾಲ ನಾಲಿಗಿ. ಗಂಟಲ ಅಂಬೂದು ಬರೇ ದಾರಿ," ಎಂಬುದು ಅವರ ಸಿದ್ಧಾಂತ.

ವಕೀಲರು ಕೊಪ್ಪಳದ ಸ್ಟೇಷನ್ನಿನಿಂದ ತರಿಸಿದ ಗೋಲಿ ಸೋಡಾ ಇಲ್ಲದೆ ಮುಟ್ಟುತ್ತಿರಲಿಲ್ಲ. "ಗೋಲಿ ಠಪ್ ಅಂದಾಗ ವಿಸ್ಕಿ ಎಚ್ಚರಾಗತೈತ್ರಿ. ಅಲ್ಲೀತನಕ ಅದು ಬಾಟ್ಲ್ಯಾಗ ಮಲಗಿರತೈತಿ," ಎನ್ನುವರು.

ಗುತ್ತೇದಾರರಿಗೆ ನೀರೂ ಬೇಡ, ಸೋಡಾವೂ ಬೇಡ. ಒಂದೇ ಏಟಿಗೆ ಒಳಗೆ ಹಾಕಿ, ಮೆಣಸಿನಕಾಯಿ ಬಜ್ಜಿ ಕಚ್ಚಿ, ಕಣ್ಣೀರು ಒರೆಸಿಕೊಂಡು, "ಇಳಿಯೂ ಮುಂದ ಎಲ್ಲೆಲ್ಲಿ ಹೊಂಟೈತಿ ಅನ್ನೂದು ಗೊತ್ತಾಗಬೇಕ್ರಿ. ಸುಮ್ಮನ ಇಳದ್ರ ಅದು ಮಜ್ಜಿಗಿ," ಎನ್ನುವರು.

ಆಮೇಲೆ ಜಗಳ.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಕೊಕ್ಕರಿ ಬಿರಡಿ ತಗದ್ರ ದವಾಖಾನಿ ಬಾಗಿಲಾ ತಗದಂಗ ಆಕ್ಕೈತಿ."

"ವಕೀಲ್ ಸಾಬ್, ಅದು ಹೊಗಿ ವಾಸನಿ. ವಿಲಾಯತಿಯಾಗ ಮಣ್ಣು ಸುಟ್ಟು ಕಾಳು ಒಣಗಸ್ತಾರಂತ. ನಿಮ್ಮ ಟಗರಿನಾಗ ಏನೈತಿ? ಟಗರಿನ ವಾಸನಿ."

"ಇಬ್ಬರದೂ ಬಿಡ್ರಿ. ಗೋಪುರದಾಗ ಮುಂಜಾನಿ ಇಳಿಸಿದ ಸೇಂದಿ ಸಿಹಿ ಐತಿ."

"ನಾಗಪ್ಪನವರ, ನಿಮಗ ಎಲ್ಲಾದ್ರಾಗೂ ಸೇಂದಿನ ಕಾಣತೈತಿ!"

ಹೀಗೆ ವರ್ಷಾನುಗಟ್ಟಲೆ. ಅಷ್ಟರಲ್ಲಿ ಯುದ್ಧ ಹತ್ತಿಕೊಂಡಿತು. ವಿಲಾಯತಿಯ ಮಾಲು ಬರುವುದು ನಿಂತಿತು. ಮೂವರ ಹತ್ತಿರವೂ ಒಂದೊಂದು ಕೊನೆಯ ಬಾಟಲಿ, ಅದರಲ್ಲೂ ತಳದ ಸ್ವಲ್ಪ. ಈಗ ಅವರು ಕುಡಿಯುವುದನ್ನು ಬಿಟ್ಟು, ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು, ನೋಡುತ್ತಾ ಮಾತಾಡತೊಡಗಿದರು. ಸ್ವಾಮೀ, ಕುಡಿಯುವವರಿಗಿಂತ ಕುಡಿಯುವುದರ ಬಗ್ಗೆ ಮಾತಾಡುವವರು ಮನುಷ್ಯನನ್ನು ಹೆಚ್ಚು ದಣಿಸುತ್ತಾರೆ. ಕುಡಿದವನು ಒಂದು ಹೊತ್ತಿಗೆ ಮಲಗುತ್ತಾನೆ. ಮಾತಾಡುವವನು ಮಲಗುವುದಿಲ್ಲ. ನಾನು ಲಿಂಗ ಕಟ್ಟಿದವನು, ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಆದರೂ ದಿನಾ ಸಂಜೆ ಕಂಬಕ್ಕೆ ಒರಗಿ ನಿಂತು, ಅವರ ಪಾಲಿನ ತಲೆನೋವನ್ನೆಲ್ಲ ನಾನೇ ಮನೆಗೆ ಒಯ್ಯುತ್ತಿದ್ದೆ.

ಒಂದು ಸಂಜೆ ಸೆಕೆ, ಹಸಿವೆ, ಕೈಯಲ್ಲಿ ಮಿಸಲು. ಅವರು ಮೂಗಿನ ವಿಚಾರದಲ್ಲಿದ್ದರು. ಹೇಗಾದರೂ ಮುಗಿದು ಸಹಿಯಾದರೆ ಸಾಕೆಂದು ನಾನು ಬಾಯಿ ತೆರೆದೆ. ಅದೇ ಮೊದಲ ತಪ್ಪು!

"ಸಾಹೇಬ್ರ, ಯಾವುದು ಯಾವುದಂತ ಹೇಳದ ಕೊಟ್ರ, ಕುಡಿದು ನೋಡಿ ಹೇಳಬಹುದಲ್ರಿ? ನೀರು ನಾ ಹಂಗ ಹೇಳತೀನಿ."

ಕಂಬ ಮಾತಾಡಿದಂತೆ ಮೂವರೂ ನನ್ನ ಕಡೆ ತಿರುಗಿದರು. ಸಾಹೇಬರು ಪರೀಕ್ಷೆಗೆಂದು ಎರಡು ಬಟ್ಟಲು ನೀರು ತರಿಸಿದರು. ನಾನು ಎರಡನ್ನೂ ಗುಟುಕರಿಸಿ, "ಎರಡೂ ಬಂಗಲೆ ಬಾವೀವ ರೀ. ಆದ್ರ ಇದು ಹಗ್ಗದಾಗ ಸೇದಿದ್ದು, ಇದು ಭಿಸ್ತಿ ತೊಗಲಿನ ಚೀಲದಾಗ ಬಂದದ್ದು," ಎಂದೆ. ಸರಿಯಿತ್ತು.

"ವಾಹ್!" ಎಂದರು ಸಾಹೇಬರು.

"ಸಾಹೇಬ್ರ, ಪಂಚ ಸಿಕ್ಕ," ಎಂದರು ವಕೀಲರು. "ಕುಡಿಯೂದಿಲ್ಲ, ಅಂದ ಮ್ಯಾಲ ಪಕ್ಷಪಾತ ಇಲ್ಲ. ರುಚಿ ಗೊತ್ತು, ಅಂದ ಮ್ಯಾಲ ದಡ್ಡ ಅಲ್ಲ."

ತೀರ್ಮಾನವಾಯಿತು. ಮೂರು ಬಾಟಲಿಗಳ ತಳದ ಮಾಲನ್ನು ನಾನು ಹಿಂದಿನ ಕೋಣೆಯಲ್ಲಿ ಗುಟ್ಟಾಗಿ ಸುರಿದು ತರಬೇಕು. ಒಬ್ಬೊಬ್ಬರ ಮುಂದೆ ಮೂರು ಮೂರು ಬಟ್ಟಲು. ಮೂವರೂ ಕುಡಿದು ತಮಗೆ ಮೆಚ್ಚಿದ್ದನ್ನು ಎತ್ತಿ ತೋರಿಸಬೇಕು. ಯಾವುದು ಯಾವ ಬಾಟಲಿಯದೆಂದು ಕೊನೆಗೆ ನಾನು ಹೇಳಬೇಕು. ಎಲ್ಲಾ ಮುಗಿಯಿತು ಎನ್ನುವಾಗ ವಕೀಲರು ತಕರಾರು ತೆಗೆದರು. ತಕರಾರು ತೆಗೆಯದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಗಾಜಿನ ಗ್ಲಾಸ್ ನಡಿಯೂದಿಲ್ರಿ. ಬಣ್ಣ ಕಾಣತೈತಿ. ನನ್ನ ಟಗರು ಜೇನಿನ ಬಣ್ಣ, ನಿಮ್ಮ ಕೊಕ್ಕರಿ ಒಣಗಿದ ಹುಲ್ಲಿನ ಬಣ್ಣ. ಸಾಕ್ಷಿ ಬಾಯಿ ಬಿಡೂ ಮೊದಲ ಗುರುತು ಸಿಕ್ಕಂಗ ಆತು."

"ಹಿತ್ತಾಳಿ ಲೋಟ?" ಎಂದರು ಸಾಹೇಬರು.

"ಹಿತ್ತಾಳ್ಯಾಗ ಕಸರು ಹತ್ತತೈತ್ರೀ," ಎಂದರು ಗುತ್ತೇದಾರರು.

ಆಗ ನಾನು ಎರಡನೆಯ ಸಲ ಬಾಯಿ ತೆರೆದೆ.

"ಮಣ್ಣಿನ ಕುಡಿಕಿ ಆದ್ರ ಹೆಂಗ್ರಿ? ಬಣ್ಣಾ ಕಾಣೂದಿಲ್ಲ, ಕಸರೂ ಇಲ್ಲ. ಎಲ್ಲಾ ಒಂದ ನಮೂನಿ."

ಸಾಹೇಬರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಇಪ್ಪತ್ತು ಸಾವಿರ ಕಾಗದ ನಕಲು ಮಾಡಿದಾಗ ತಟ್ಟದ ಬೆನ್ನು! "ಬಸವಂತಪ್ಪ, ಇದನ್ನ ಒಂದು ಸರಿಯಾಗಿ ಮಾಡ್ರಿ. ನೀವು ಗಂಗಾವತಿ ಗಂಗಾವತಿ ಅಂತ ಅರ್ಜಿ ಕೊಟ್ಟೀರಲ್ಲ, ಆಮ್ಯಾಲ ನೋಡೂಣು."

ನನಗೆ ಆ ಪಡಸಾಲೆಯಲ್ಲೇ ಹೊಳೆಯ ಸಪ್ಪಳ ಕೇಳಿಸಿತು.

ಮರುದಿನ ಕುಂಬಾರ ಓಣಿಗೆ ಹೋಗಿ ಆವಿಗೆಯಿಂದ ಆಗಷ್ಟೇ ತೆಗೆದ, ಇನ್ನೂ ಬೆಚ್ಚಗಿದ್ದ ಕುಡಿಕೆಗಳನ್ನು ಆರಿಸಿ ತಂದೆ. ಹಳೆಯವು ಬೇಡ, ಹೊಚ್ಚ ಹೊಸವೇ ಆಗಬೇಕೆಂದು ಹಟ ಹಿಡಿದೆ. ನ್ಯಾಯದ ಕೆಲಸ ನೋಡಿ. ಗೌರವ್ವ ಬಾಗಿಲಲ್ಲೇ ತಡೆದಳು.

"ಇವ್ಯಾಕ? ಯಾರ ಮನ್ಯಾಗ ಏನಾತು?"

ಹೇಳಿದೆ. ವಿಸ್ಕಿ ಎಂಬ ಮಾತು ಕೇಳಿ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಮಾತಿಗೇ ವಾಸನೆ ಇರುವಂತೆ. "ಕೊಳ್ಳಾಗ ಲಿಂಗ ಐತಿ, ಕೈಯಾಗ ಸೆರೆ ಕುಡಿಕಿ! ಎಂತಾ ಶೋಭಾ ರೀ! ನನ್ನ ಒಂದು ಹಿತ್ತಾಳಿ ಲೋಟ ಆ ಬಂಗಲೆ ಹೊಸ್ತಿಲಾ ದಾಟಿತೋ, ನಾನೂ ಇತ್ಲಾಗ ನಮ್ಮವ್ವನ ಮನಿ ಹೊಸ್ತಿಲಾ ದಾಟತೀನಿ."

"ಲೋಟ ಯಾರು ಕೇಳ್ಯಾರ? ಅದಕ್ಕ ಮಣ್ಣಿನವು. ಇದು ಸಸೂತ್ರ ಆದ್ರ ಗಂಗಾವತಿ, ತಿಳೀತೇನು?"

ಸೆರಗು ಮೂಗಿನಿಂದ ಇಳಿಯಿತು. "ಗಂಗಾವತಿ?" ಎಂದಳು. ಒಲೆಯ ಕಡೆ ನೋಡಿದಳು. ಅಲ್ಲಿ ಬೇಳೆ ಕುಣಿಯುತ್ತಿತ್ತು. ಆಮೇಲೆ ಬಹಳ ತಗ್ಗಿದ ದನಿಯಲ್ಲಿ, "ಹಂಗಾರ ಇವನ್ನ ಇವತ್ತು ಪೂರಾ ನೀರಾಗ ಮುಣುಗಿಸಿ ಇಡ್ರಿ. ಹೊಸಾ ಮಣ್ಣು ಅದು," ಎಂದಳು.

ಈ ಮಾತು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹೊಸ ಗಡಿಗೆಯನ್ನು ನೀರಿನಲ್ಲಿ ಮುಳುಗಿಸಿ ಪಳಗಿಸದೆ ಯಾರ ಮನೆಯಲ್ಲೂ ಬಳಸುವುದಿಲ್ಲ. ನಾನೂ ಹುಟ್ಟಿದಾಗಿನಿಂದ ನೋಡಿದ್ದೆ. ಆದರೆ ಆ ದಿನ ನಾನು ಗಂಡ ಮಾತ್ರ ಅಲ್ಲ, ಪಂಚ. ಪಂಚನ ಬುದ್ಧಿ ಸಂಸಾರಿಯ ಬುದ್ಧಿಗಿಂತ ಮೇಲೆ ಓಡಿತು.

"ನೀರಾಗ? ಏನು ತಿಳಿದೀ ನೀ? ಸಾಹೇಬ್ರು ಒಂದು ಚಮಚ ನೀರಿಗೆ ತಾಸು ವಿಚಾರ ಮಾಡತಾರ. ಗುತ್ತೇದಾರ್ರು ಹನಿ ನೀರು ಮುಟ್ಟೂದಿಲ್ಲ. ಕುಡಿಕಿ ಒಳಗ ನಮ್ಮ ಸವಳು ನೀರು ಕುಂತ್ರ ಅದು ಕಲಬೆರಕಿ! ಅನ್ಯಾಯ!"

ಅಷ್ಟಕ್ಕೇ ಬಿಟ್ಟಿದ್ದರೂ ಮಾನ ಉಳಿಯುತ್ತಿತ್ತೇನೋ. ಕುಂಬಾರನ ಮನೆಯ ಗಾಳಿಯ ತೇವವಾದರೂ ಹತ್ತಿರಬಹುದೆಂದು ಸಂಶಯ ಬಂದು, ಕುಡಿಕೆಗಳನ್ನು ಮಾಳಿಗೆಯ ಮೇಲೆ ಬೋರಲು ಹಾಕಿ, ವೈಶಾಖದ ಬಿಸಿಲಿನಲ್ಲಿ ಇಡೀ ದಿನ ಒಣಗಿಸಿದೆ. ಕುಷ್ಟಗಿಯ ವೈಶಾಖದ ಬಿಸಿಲು! ಅದರಲ್ಲಿ ಕಾಗೆಗಳೇ ಮರದಿಂದ ಮರಕ್ಕೆ ಹೋಗಲು ವಿಚಾರ ಮಾಡುತ್ತವೆ.

"ನಿಮ್ಮ ತಲಿ ನಿಮ್ಮದು, ಮಣ್ಣಿನ ಗುಣಾ ಮಣ್ಣಿಂದು," ಎಂದು ಹೇಳಿ ಗೌರವ್ವ ಒಳಗೆ ಹೋದಳು.

ಗುರುತಿಗಾಗಿ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಕುಡಿಕೆಗಳ ಅಡಿಗೆ ಬೊಟ್ಟು ಇಟ್ಟೆ. ಒಂದು ಬೊಟ್ಟು ಕೊಕ್ಕರೆ, ಎರಡು ಟಗರು, ಮೂರು ಗೋಪುರ. ಹೀಗೆ ಸಕಲ ಸಿದ್ಧತೆಯೊಂದಿಗೆ, ಮಡಿ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಸಂಜೆ ಬಂಗಲೆಗೆ ಹೋದೆ. ಇಟಗಿಯ ಗುಡಿಯ ಕಂಬ ಇದ್ದಕ್ಕಿದ್ದಂತೆ ನಡೆದುಬಂದಷ್ಟು ಗಾಂಭೀರ್ಯ ನನ್ನಲ್ಲಿತ್ತು.

ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಕೊಕ್ಕರೆಯಿಂದ ಸುರಿಯತೊಡಗಿದೆ. ವಿಸ್ಕಿ ಬಿದ್ದ ಕೂಡಲೇ ಕುಡಿಕೆಯಿಂದ 'ಚುಯ್' ಎಂಬ ಸಣ್ಣ ದನಿ ಬಂತು. ಗುಳ್ಳೆ ಎದ್ದವು. ವಿಸ್ಕಿಗೆ ಜೀವ ಇದೆ ಎಂದು ಸಾಹೇಬರು ಹೇಳುತ್ತಿದ್ದುದು ಸುಳ್ಳಲ್ಲ ಎಂದುಕೊಂಡೆ. ಕೈ ಮುಗಿಯಬೇಕೆನಿಸಿತು. ಟಗರು, ಗೋಪುರ ಎಲ್ಲಾ ಸುರಿದು ಮುಗಿಸಿ ತಿರುಗಿ ನೋಡಿದರೆ ಮೊದಲಿನ ಕುಡಿಕೆಗಳಲ್ಲಿ ಮಟ್ಟ ಇಳಿದಿತ್ತು.

ಅಳತೆ ತಪ್ಪಿರಬೇಕು ಎಂದುಕೊಂಡು ಇನ್ನಷ್ಟು ಸುರಿದೆ.

ಮತ್ತೆ 'ಚುಯ್'.

ಮತ್ತೆ ಸುರಿದೆ. ಹೀಗೆ ನಾನು ಸುರಿಯುವುದು, ಅದು 'ಚುಯ್' ಎನ್ನುವುದು. ಬಾಟಲಿಗಳು ಮೂರೂ ಬರಿದಾದಾಗ ಕುಡಿಕೆಗಳಲ್ಲಿ ಮಟ್ಟ ಒಂದು ಹದಕ್ಕೆ ಬಂದಂತೆ ಕಂಡಿತು. ಬರಿದಾದ ಬಾಟಲಿಗಳನ್ನು ಗೋಡೆಗೆ ಒರಗಿಸಿ, ಕುಡಿಕೆಗಳನ್ನು ದೊಡ್ಡ ತಾಟಿನಲ್ಲಿ ಜೋಡಿಸಿ, ಮೇಲೆ ಬಿಳಿ ಅರಿವೆ ಹೊದಿಸಿ, ಎದೆಗೆ ಒತ್ತಿ ಹಿಡಿದು ಪಡಸಾಲೆಗೆ ನಡೆದೆ. ಒಬ್ಬೊಬ್ಬರ ಮುಂದೆ ಮೂರು ಮೂರು ಇಟ್ಟು ಅವರವರ ಪಾಲಿನ ಮೇಲೆ ಅರಿವೆಯ ತುಂಡು ಮುಚ್ಚಿದೆ.

ಗುತ್ತೇದಾರರು ಕೈ ಚಾಚಿದರು. ಸಾಹೇಬರು ತಡೆದರು.

"ಸಬೂರ್, ನಾಗಪ್ಪನವರ! ಬಾಟ್ಲಿಯಾಗ ಇದ್ದದ್ದು ಈಗ ಹೊರಗ ಬಂದೈತಿ. ಸ್ವಲ್ಪ ಉಸಿರಾಡ್ಲಿ."

ಅದು ಉಸಿರಾಡಲಿಲ್ಲ ಸ್ವಾಮೀ. ಉಸಿರು ಬಿಡುತ್ತಿತ್ತು.

ಸಾಹೇಬರು ಮೂಗಿನ ಮಹತ್ವದ ಮೇಲೆ ಮಾತಾಡಿದರು. ವಕೀಲರು ಎದ್ದು ನಿಂತು ಟಗರಿನ ಪರವಾಗಿ ವಾದ ಮಂಡಿಸಿದರು, ಎದುರು ಪಕ್ಷದ ಪ್ರಶ್ನೆಗಳನ್ನೂ ತಾವೇ ಕೇಳಿ ತಾವೇ ಖಂಡಿಸಿದರು. ಗುತ್ತೇದಾರರು, "ಗಂಟಲಾ ಒಣಗೈತ್ರೀ," ಎಂದು ನಡುವೆ ನಡುವೆ ಕೂಗುತ್ತಿದ್ದರು. ಮೆಲ್ಲಗೆ ಪಡಸಾಲೆಯ ತುಂಬ ಒಂದು ಪರಿಮಳ ಹಬ್ಬಿತು. ಎಂಥ ಪರಿಮಳ! ಕಾದ ನೆಲದ ಮೇಲೆ ಮುಂಗಾರಿನ ಮೊದಲ ಹನಿ ಬಿದ್ದಂತೆ. ವಕೀಲರು ವಾದ ನಿಲ್ಲಿಸಿದರು. ಸಾಹೇಬರ ಕಣ್ಣು ತಾನಾಗಿ ಮುಚ್ಚಿತು.

"ಬಸವಂತಪ್ಪ," ಎಂದರು ಅವರು, "ಇಂಥಾ ವಾಸನಿ ನಾ ಹೈದರಾಬಾದಿನಾಗೂ ಕಂಡಿಲ್ಲ."

"ಮಣ್ಣಿನ ಗುಣಾ ರೀ," ಎಂದೆ ನಾನು, ವಿನಯದಿಂದ. ಬದುಕಿನಲ್ಲಿ ನಾನು ಆಡಿದ ಅತ್ಯಂತ ಸತ್ಯವಾದ ಮಾತು ಅದು.

ಸಾಹೇಬರು ಅಪ್ಪಣೆ ಕೊಟ್ಟರು. ಅರಿವೆ ಸರಿಯಿತು. ಮೂವರೂ ಒಟ್ಟಿಗೆ ಕುಡಿಕೆ ಎತ್ತಿದರು. ಸಾಹೇಬರು ಕಣ್ಣು ಮುಚ್ಚಿಯೇ ತುಟಿಗೆ ಹಚ್ಚಿ ಮೆಲ್ಲಗೆ ವಾಲಿಸಿದರು. ಇನ್ನಷ್ಟು ವಾಲಿಸಿದರು. ತಲೆ ಹಿಂದೆ ಬಾಗಿತು. ಕುರ್ಚಿಯೂ ಸ್ವಲ್ಪ ಹಿಂದೆ ಬಾಗಿತು. ಕೊನೆಗೆ ಕುಡಿಕೆಯ ತಳ ಆಕಾಶ ನೋಡಿತು, ಸಾಹೇಬರ ಬಾಯಿ ಕಾಗೆಯ ಮರಿಯಂತೆ ತೆರೆದೇ ಇತ್ತು.

ಒಂದು ಹನಿ ಬಿತ್ತು. ಅದೂ ಮೀಸೆಗೆ.

ಗುತ್ತೇದಾರರು ಕುಡಿಕೆಯೊಳಗೆ ಬೆರಳು ಹಾಕಿ ತಿರುವಿದರು. ವಕೀಲರು ತಮ್ಮ ಮೂರನ್ನೂ ಒಂದೊಂದಾಗಿ ಬೋರಲು ಹಾಕಿ ನೋಡಿ, ಎದ್ದು ನಿಂತರು.

"ಸಾಹೇಬ್ರ! ಮುದ್ದೇಮಾಲು ಮಾಯ!"

ಮೂರು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. ಬಾಗಿಲು ಹಾಕಿಕೊಂಡು ಒಳಗೆ ಇದ್ದವನು ನಾನೊಬ್ಬನೇ. ಬಾಟಲಿ ಬರಿದು. ನನ್ನ ಎದೆಯಿಂದ ಮೊಣಕಾಲಿನವರೆಗೆ ಅಂಗಿ, ಮಡಿ ಧೋತರ ಎರಡೂ ಒದ್ದೆ. ತಾಟಿನ ಅಂಚಿನಿಂದ ಸೋರಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಗುಡಿಯಲ್ಲಿ ಊದುಬತ್ತಿ ಘಮಘಮಿಸಿದ ಹಾಗೆ ನಾನು ಅಡಿಯಿಂದ ಮುಡಿಯವರೆಗೆ ಘಮಘಮಿಸುತ್ತಿದ್ದೆ.

"ಬಾಯಿ ತಗೀರಿ," ಎಂದರು ವಕೀಲರು. ತೆರೆದೆ. ಮೂಸಿದರು. "ಎಲಿ ಅಡಿಕಿ ವಾಸನಿ."

"ನೋಡ್ರಿ ಮತ್ತ!" ಎಂದೆ ನಾನು ಹಿಗ್ಗಿ.

"ನೋಡ್ರಿ ಸಾಹೇಬ್ರ, ಸಾಕ್ಷಿ ಮುಚ್ಚಾಕ ಎಲಿ ಹಾಕ್ಯಾನ!"

"ಸುಳ್ಳು ರೀ! ನನ್ನ ಲಿಂಗದಾಣೆಗೂ..."

ಅಷ್ಟರಲ್ಲಿ ಗುತ್ತೇದಾರರು ಬೆರಳು ಬಿಟ್ಟು ನಾಲಿಗೆಗೇ ಕೈ ಹಾಕಿದ್ದರು. ಅಂದರೆ ಕುಡಿಕೆಯ ಒಳಮೈ ನೆಕ್ಕಿದ್ದರು. "ಐತ್ರೀ!" ಎಂದು ಕೂಗಿದರು. "ಎಲ್ಲೂ ಹೋಗಿಲ್ಲ, ಇಲ್ಲೇ ಐತಿ! ಮಣ್ಣೊಳಗ ಕುಂತೈತಿ!"

ಆಮೇಲೆ ನಡೆದದ್ದನ್ನು ಬರೆಯಲು ನನ್ನ ಲೇಖನಿ ನಾಚುತ್ತದೆ. ಕುಷ್ಟಗಿ ತಾಲೂಕಿನ ತಹಸೀಲ್ದಾರರು, ಹೆಸರಾಂತ ವಕೀಲರು, ಸೇಂದಿಯ ಗುತ್ತೇದಾರರು, ಮೂವರೂ ಸಂಜೆಯ ಬೆಳಕಿನಲ್ಲಿ ಸಾಲಾಗಿ ಕೂತು ಮಣ್ಣಿನ ಕುಡಿಕೆಗಳನ್ನು ನೆಕ್ಕಿದರು. ಹೊರಗೆ ಕಟ್ಟಿದ ಸಾಹೇಬರ ಕುದುರೆ ಇದನ್ನು ನೋಡಿ ಮುಖ ತಿರುಗಿಸಿತು.

"ಹೊಗಿ ಐತಿ, ಮಣ್ಣು ಐತಿ... ಇದು ನನ್ನ ಕೊಕ್ಕರಿ," ಎಂದರು ಸಾಹೇಬರು.

"ಶಕ್ಯ ಇಲ್ಲ. ಇದು ನನ್ನ ಟಗರು," ಎಂದರು ವಕೀಲರು, ಅದೇ ರುಚಿ ನೋಡಿ.

"ಗೋಪುರ ರೀ ಇದು, ಗೋಪುರ!"

ಜಗಳ ಹೊಸದಾಗಿ ಹುಟ್ಟಿತು. ತೀರ್ಪು ಕೊಡಬೇಕಾದವನು ಪಂಚ. ನಾನು ಕುಡಿಕೆ ತಿರುವಿ ಅಡಿಯ ಬೊಟ್ಟು ನೋಡಿದೆ. ಬೆವೆತ ಮಣ್ಣಿನ ಮೇಲೆ ಸುಣ್ಣ ಕರಗಿ ಹರಡಿತ್ತು. ಒಂದೂ ಇಲ್ಲ, ಎರಡೂ ಇಲ್ಲ, ಮೂರೂ ಇಲ್ಲ. ಎಲ್ಲವೂ ಗೋಡೆಗೆ ಬಳಿದಂತೆ ಬಿಳಿ!

"ಗುರುತು ಹೋಗ್ಯಾವ್ರಿ," ಎಂದೆ.

"ಗುರುತು ಯಾಕ ಬೇಕು?" ಎಂದರು ಸಾಹೇಬರು, ಮೀಸೆಯ ಹನಿಯನ್ನು ಒರೆಸದೆ. "ನಿಮ್ಮ ನಾಲಿಗಿ ಐತಲ್ಲ. ಅದಕ್ಕಂತ ನಿಮ್ಮನ್ನ ಆರಿಸೇವಿ. ರುಚಿ ನೋಡಿ ಹೇಳ್ರಿ. ಗಂಗಾವತಿ ನೆನಪು ಇಟ್ಕೊಂಡು ಹೇಳ್ರಿ."

ಒಂದು ಕಡೆ ಕೊರಳಲ್ಲಿ ಲಿಂಗ. ಇನ್ನೊಂದು ಕಡೆ ಒಲೆಯ ಮೇಲೆ ಕುಣಿಯುವ ಬೇಳೆ. ಲಿಂಗವನ್ನು ಅಂಗಿಯೊಳಗೆ ಸರಿಸಿ, ಇದು ಕುಡಿತವಲ್ಲ, ಮಣ್ಣು ನೆಕ್ಕುವುದು ಅಷ್ಟೇ, ಸಣ್ಣಂದು ಎಲ್ಲರೂ ಮಾಡಿದ್ದೇ ಎಂದು ಮನಸ್ಸಿಗೆ ಹೇಳಿಕೊಂಡು, ನಾಲಿಗೆಯ ತುದಿಯನ್ನು ಕುಡಿಕೆಗೆ ಮುಟ್ಟಿಸಿದೆ. ಕಣ್ಣು ಮುಚ್ಚಿದೆ. ಕೊಕ್ಕರೆ ಎಂದಿದ್ದರೆ ಗಂಗಾವತಿ ನನ್ನದಾಗುತ್ತಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಜನ್ಮವಿಡೀ ನಿಜ ಹೇಳಿ ರೂಢಿಯಾದ ಹಾಳು ನಾಲಿಗೆ ನನ್ನನ್ನು ಕೇಳದೆ ತೀರ್ಪು ಕೊಟ್ಟಿತು.

"ನಿಡಶೇಸಿ ಕೆರಿ ಮಣ್ಣು ರೀ. ಅದೂ ಏರಿ ಕಡಿಯಿಂದ ತಗದದ್ದು."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಾಹೇಬರು ತೆರೆದ ಬಾಗಿಲಿನಾಚೆ ಹಿಂದಿನ ಕೋಣೆಯ ಗೋಡೆಗೆ ಒರಗಿದ್ದ ಮೂರು ಬರಿಯ ಬಾಟಲಿಗಳನ್ನು ನೋಡಿದರು. "ಇನ್ನ ಯುದ್ಧ ಮುಗಿಯೂತನಕ..." ಎಂದರು. ಮಿಸಲುಗಳಿಗೆ ಸಹಿಯೂ ಆಗಲಿಲ್ಲ.

ಮನೆಗೆ ಬಂದೆ. ಗೌರವ್ವ ಬಾಗಿಲು ತೆಗೆದವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಕುಡದೀರೇನು?"

"ನಾ ಕುಡದಿಲ್ಲ. ಕುಡಿಕಿ ಕುಡದಾವ."

"ಕುಡದವರೆಲ್ಲಾ ಹಿಂಗ ಹೇಳತಾರ."

ಧೋತರವನ್ನು ಬಾವಿಯ ಹತ್ತಿರ ಬಿಚ್ಚಿಸಿ, ನನ್ನ ತಲೆಯ ಮೇಲೆ ಕೊಡಗಟ್ಟಲೆ ಸವಳು ನೀರು ಸುರಿದಳು. ನೀರಿನಲ್ಲಿ ಹಾಕಿ ಪಳಗಿಸಬೇಕಾದದ್ದು ಕುಡಿಕೆಯನ್ನಲ್ಲ, ಈ ತಲೆಯನ್ನು ಎಂದು ಹೇಳುತ್ತಲೇ ಸುರಿದಳು. ನಾನು ಒಪ್ಪಿಕೊಂಡೆ. ಗಂಗಾವತಿಯ ವಿಷಯ ಅವಳು ಕೇಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಇದೊಂದು ಸಾಧಾರಣ ಅವಮಾನ, ನನ್ನ ಖಾತೆಯಲ್ಲಿ ಹತ್ತರೊಡನೆ ಹನ್ನೊಂದು. ಆದರೆ ಕೆಲವು ದಿನಗಳ ಮೇಲೆ ಸಾಹೇಬ್ರು ಕರೆಯುತ್ತಾರೆ ಎಂದು ಜವಾನ ಬಂದ. ಹೋದೆ. ಪಡಸಾಲೆಯಲ್ಲಿ ಮೂವರೂ ಇದ್ದರು. ಮುಂದೆ ಅವೇ ಕುಡಿಕೆಗಳು. ಮುಖದಲ್ಲಿ ಹಳೆಯ ಕಳೆ.

"ಬರ್ರಿ ಬಸವಂತಪ್ಪನವರ, ಬರ್ರಿ," ಎಂದರು ಗುತ್ತೇದಾರರು. "ನಾ ಸುಮ್ಮನ ಒಂದು ಕುಡಿಕಿಗೆ ನೀರು ಹಾಕಿ ತಾಸು ಬಿಟ್ಟು ಕುಡದೆ ನೋಡ್ರಿ. ಐತಿ! ಇನ್ನೂ ಐತಿ ಒಳಗ!"

ನೀರು ಹಾಕಿದರೆ ಮಣ್ಣು ತಾನು ಕುಡಿದದ್ದನ್ನು ಚೂರು ಚೂರೇ ಹಿಂದಕ್ಕೆ ಕೊಡುತ್ತಿತ್ತು. ಯುದ್ಧಕಾಲದಲ್ಲಿ ಅಷ್ಟು ಸಾಕಲ್ಲ! ಆದರೆ ಅವರು ಸುಮ್ಮನೆ ಕುಡಿಯುವ ಜನವೇ? ಆಗಲೇ ಹೊಸ ಮತಗಳು ಹುಟ್ಟಿದ್ದವು. ಮಠದ ಬಾವಿಯ ನೀರಿನಲ್ಲಿ ಹೊಗೆ ಮೇಲೆ ಬರುತ್ತದೆ ಎಂದು ಸಾಹೇಬರು. ಗೌಡರ ತೋಟದ ನೀರಿನಲ್ಲಿ ಜೇನು ಎದ್ದು ಕಾಣುತ್ತದೆ ಎಂದು ವಕೀಲರು. ಸವಳು ನೀರಿನಲ್ಲೇ ಗಂಟಲಿಗೆ ಗೊತ್ತಾಗುತ್ತದೆ ಎಂದು ಗುತ್ತೇದಾರರು.

"ನೀರಿನ ಕೆಲಸ ನಿಮ್ಮದು," ಎಂದರು ಸಾಹೇಬರು ನನಗೆ. "ದಿನಾ ಸಂಜಿಕ ಬ್ಯಾರೆ ಬ್ಯಾರೆ ಬಾವಿ ನೀರು ತರ್ರಿ. ಯಾವ ನೀರಾಗ ಯಾವ ಗುಣಾ ಅಂತ ನೀವ ಹೇಳಬೇಕು."

ನಾನು ಧೈರ್ಯ ಮಾಡಿದೆ. "ಸಾಹೇಬ್ರ, ನನ್ನ ಗಂಗಾವತಿ ಅರ್ಜಿ..."

ಸಾಹೇಬರು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು. "ನಿಮ್ಮನ್ನ ಅಲ್ಲಿಗೆ ಕಳಿಸಿದ್ರ ಇಲ್ಲಿ ನೀರು ಯಾರು ನೋಡ್ತಾರ, ಬಸವಂತಪ್ಪ?"

ಬೆನ್ನನ್ನೂ ತಟ್ಟಿದರು. ಎರಡನೆಯ ಸಲ.

ಅಂದಿನಿಂದ ಹಗಲು ಕಚೇರಿಯಲ್ಲಿ ನಕಲು, ಸಂಜೆ ಊರಿನ ಬಾವಿಗಳ ಪ್ರದಕ್ಷಿಣೆ. ಅಹಲ್ಕಾರ ಬಸವಂತಪ್ಪ ಕೊಡ ಹಿಡಿದು ಬಂದನೆಂದರೆ ನೀರಿಗೆ ಬಂದ ಹೆಣ್ಣುಮಕ್ಕಳು ದಾರಿ ಬಿಡುತ್ತಿದ್ದರು, ನಗುವುದಕ್ಕೆ ಅನುಕೂಲವಾಗಲೆಂದು. ಅದೂ ಒಂದು ಗೌರವವೇ. ಮನೆಗೆ ಒಂದು ಕೊಡ ಸಿಹಿನೀರು ತರಲು ಮಾತ್ರ ನನಗೆ ತ್ರಾಣ ಉಳಿಯುತ್ತಿರಲಿಲ್ಲ. ಗೌರವ್ವ ಇದನ್ನು ಗಮನಿಸದೆ ಇರಲಿಲ್ಲ.

ಹೀಗೆ ಬಹಳ ದಿನ ನಡೆದು, ಕುಡಿಕೆಗಳ ವಾಸನೆಯೆಲ್ಲ ಹೋಗಿ, ಹೋಗಿಲ್ಲವೆಂದು ಮೂವರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಬದಲಿಯ ಹುಕುಂ ಬಂತು. ನಾನು ಓಡುತ್ತಾ ಮನೆಗೆ ಬಂದೆ. ಗೌರವ್ವ ಒಲೆಯ ಮುಂದೆ ಕೂತಿದ್ದಳು.

"ಬದ್ಲಿ ಆತಂತಲ್ರಿ?" ಎಂದಳು. ಊರಿನ ಸುದ್ದಿ ನನಗಿಂತ ಮುಂಚೆ ನಮ್ಮ ಮನೆಗೆ ಬರುತ್ತಿತ್ತು. ಅವಳ ಮುಖ ಅರಳಿದ್ದನ್ನು ನಾನು ಮದುವೆಯ ಮೇಲೆ ಅದೇ ಮೊದಲು ನೋಡಿದ್ದು.

"ಹೂಂ. ಸಾಹೇಬ್ರಿಗೆ."

"ಸಾಹೇಬ್ರಿಗೇ?" ಮುಖ ಮುಚ್ಚಿಕೊಂಡಿತು. "ಎಲ್ಲಿಗೆ?"

ಒಲೆಯ ಮೇಲೆ ಬೇಳೆ ಜೋರಾಗಿ ಕುದಿಯುತ್ತಿತ್ತು. ಆ ಸಪ್ಪಳದಲ್ಲಿ ಕೇಳಿಸಲಿಲ್ಲವೆಂಬಂತೆ ನಾನು ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದೆ.

"ಎಲ್ಲಿಗ್ರಿ?" ಎಂದಳು ಮತ್ತೆ.

"ಗಂಗಾವತಿಗೆ."

ಆಕೆ ಸೌಟು ತೆಗೆದು ಒಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ, ಮತ್ತೆ ಪಾತ್ರೆಗೆ ಹಾಕಿದಳು.

ಸಾಹೇಬರು ಹೋಗುವಾಗ ತಮ್ಮ ಪಾಲಿನ ಕುಡಿಕೆಗಳನ್ನು ರೇಷ್ಮೆ ರುಮಾಲಿನಲ್ಲಿ ಕಟ್ಟಿಕೊಂಡು ಹೋದರು. ಹೊಸದಾಗಿ ಬಂದ ತಹಸೀಲ್ದಾರರಿಗೆ ನನ್ನನ್ನು ತೋರಿಸಿ, "ಈ ಮನುಷ್ಯನನ್ನ ಕುಷ್ಟಗಿ ಬಿಟ್ಟು ಎಲ್ಲಿಗೂ ಕಳಿಸಬ್ಯಾಡ್ರಿ," ಎಂದು ಬಾಯಿತುಂಬ ಹೊಗಳಿದರು. ಹೊಸಬರು ಹಿರಿಯರ ಮಾತನ್ನು ನಡೆಸಿಕೊಟ್ಟರು. ಅವರ ಹಿಂದೆ ಬಂದವರೂ ನಡೆಸಿಕೊಟ್ಟರು.

ಈಗ ನನ್ನ ಹಲ್ಲು ಉದುರಿವೆ, ಕಣ್ಣು ಮಂದವಾಗಿವೆ, ಮೊಣಕಾಲು ಮಾತು ಕೇಳುವುದಿಲ್ಲ. ಕುಷ್ಟಗಿಯಲ್ಲೇ ಇದ್ದೇನೆ. ನಾಲಿಗೆ ಮಾತ್ರ ಇನ್ನೂ ಗಟ್ಟಿಯಾಗಿದೆ.

ಬೇಳೆಯೂ ಅಷ್ಟೇ.